ಕಾರಿಗೂ ಬಡಗಿ ಬೇಕು

ಇಂಗ್ಲೆಂಡಿನ ಯಾವುದೋ ಸಣ್ಣ ಊರು. ನವೆಂಬರ್ ತಿಂಗಳು, ಸಂಜೆ ಐದಕ್ಕೆಲ್ಲ ಕತ್ತಲು. ಜಿಟಿಜಿಟಿ ಮಳೆ. ಮನೆಗೆ ಅಂಟಿಕೊಂಡ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಹಸಿರು ಬಣ್ಣದ ಪುಟ್ಟ ಕಾರೊಂದರ ಮುಂಭಾಗ ಕಾಣುತ್ತದೆ: ದುಂಡು ದೀಪ, ದುಂಡು ಬಾನೆಟ್, ಯಾರ ತಂಟೆಗೂ ಹೋಗದ ಸಾಧು ಮುಖ. ಹಿಂಭಾಗ ಮಾತ್ರ ಇಲ್ಲ. ಬಾಗಿಲಿನಿಂದ ಆಚೆಗೆ ಕಾರು ಇದ್ದಕ್ಕಿದ್ದಂತೆ ಮುಗಿದುಹೋಗಿ, ಚಾವಣಿಯ ತಗಡೊಂದು ಊರುಗೋಲಿನಂಥ ಎರಡು ಕಂಬಗಳ ಮೇಲೆ ಗಾಳಿಯಲ್ಲಿ ನಿಂತಿದೆ. ಪಕ್ಕದ ಮೇಜಿನ ಮೇಲೆ ಸ್ಪ್ಯಾನರ್, ಜ್ಯಾಕ್‌ಗಳ ಜೊತೆಗೆ ಉಳಿ, ಹತ್ತರಿ, ಬೈರಿಗೆ, ಅಂಟಿನ ಡಬ್ಬಿ. ನೆಲದ ತುಂಬ ಹಾಲುಬಿಳುಪಿನ ಮರದ ಹೊಟ್ಟು.

ನಮ್ಮ ಕಡೆಯ ಬಡಗಿಯೊಬ್ಬರು ಈ ದೃಶ್ಯ ಕಂಡರೆ ಕಾರನ್ನು ನೋಡುವುದಕ್ಕೆ ಮೊದಲು ಮೇಜಿನ ಮೇಲಿನ ತುಂಡುಗಳನ್ನು ನೋಡುತ್ತಾರೆ. ದಾರಂದದ ಹಾಗೆ ಕಚ್ಚು ಹೊಡೆದು ಒಂದಕ್ಕೊಂದು ಕೂಡಿಸಿದ ಪಟ್ಟಿಗಳು, ಅಂಚಿನಲ್ಲಿ ತೋಡಿದ ಕಾಲುವೆ, ಮೂಲೆಯಲ್ಲಿ ನವಿರಾದ ಬಾಗು. ಯಾವ ಕಿಟಕಿಗೆ ಇದು ಎಂದು ಕೇಳಿದರೂ ಕೇಳಿಯಾರು.

ಅದು ಮೋರಿಸ್ ಮೈನರ್ ಟ್ರಾವೆಲರ್ ಎಂಬ ಕಾರಿನ ಅರ್ಧ ದೇಹ. ಹಳೆಯ ಇಂಗ್ಲಿಷ್ ಸಿನಿಮಾ, ಧಾರಾವಾಹಿಗಳಲ್ಲಿ ಇದನ್ನು ನೋಡಿರುತ್ತೀರಿ. ಹಳ್ಳಿಯ ಪಾದ್ರಿ, ಸೂಲಗಿತ್ತಿ ನರ್ಸು, ನಾಯಿ ಸಾಕಿದ ಅಜ್ಜಿ ಇಂಥವರ ಕಾರು; ಹಿಂಭಾಗದಲ್ಲಿ ಜೇನುಬಣ್ಣದ ಮರದ ಚೌಕಟ್ಟು, ಹಳೇ ಬಂಗಲೆಯ ಗೋಡೆಯ ಹಾಗೆ. ಎಷ್ಟು ಚೆಂದದ ಅಲಂಕಾರ ಎಂದುಕೊಂಡು ಮುಂದೆ ಹೋಗಿರುತ್ತೇವೆ. ಅಲ್ಲೇ ನಾವು ಎಡವಿರುವುದು. ಆ ಮರವನ್ನು ತೆಗೆದರೆ ಕಾರಿನ ಹಿಂಭಾಗ ನಿಲ್ಲುವುದಿಲ್ಲ.

ಬೇಯಿಸಿದ ಮೊಟ್ಟೆ ಎಂದ ಯಜಮಾನ

ಮೈನರ್ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಇಂದಿನ ಟರ್ಕಿಯ ಇಜ್ಮಿರ್‌ನಲ್ಲಿ 1906ರಲ್ಲಿ ಹುಟ್ಟಿ, ಯುದ್ಧದ ದಳ್ಳುರಿಯಲ್ಲಿ ಊರು ಬಿಟ್ಟು ಹದಿಹರೆಯದಲ್ಲಿ ಇಂಗ್ಲೆಂಡಿಗೆ ಬಂದವರು. ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದರೂ ಪೆನ್ಸಿಲ್ ಹಿಡಿದರೆ ಕೈ ತಪ್ಪುತ್ತಿರಲಿಲ್ಲ. ಮುಂದೆ 1959ರಲ್ಲಿ ಲೋಕಪ್ರಸಿದ್ಧ ಮಿನಿ ಕಾರನ್ನು ಕೊಟ್ಟವರೂ ಇವರೇ.

ಎರಡನೇ ಮಹಾಯುದ್ಧ ನಡೆಯುತ್ತಿರುವಾಗಲೇ ಸಣ್ಣ ಕಾರಿನ ನಕ್ಷೆ ಶುರುವಾಗಿತ್ತು. 1948ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಕಾರು ಜನರೆದುರು ಬಂತು. ಕಂಪನಿಯ ಯಜಮಾನ ಲಾರ್ಡ್ ನಫೀಲ್ಡ್‌ಗೆ ಅದು ಹಿಡಿಸಲೇ ಇಲ್ಲ. ಬೇಯಿಸಿದ ಮೊಟ್ಟೆಯಂತಿದೆ ಎಂದು ಮೂಗು ಮುರಿದದ್ದು ಇಂದಿಗೂ ಮೋಟಾರು ಪ್ರಿಯರ ಬಾಯಲ್ಲಿದೆ. ಆ ಮೊಟ್ಟೆ 16 ಲಕ್ಷದಷ್ಟು ಮಾರಾಟವಾಯಿತು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಅದೇ.

ಇಲ್ಲೊಂದು ಉಪಕಥೆ ಹೇಳಲೇಬೇಕು. ಕಾರು ತಯಾರಿಗೆ ಸಿದ್ಧವಾಗಿ ನಿಂತಿದ್ದ ಹೊತ್ತಿನಲ್ಲಿ ಇಸಿಗೋನಿಸ್‌ಗೆ ಅದು ತೀರಾ ಸಪೂರವಾಯಿತು ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿ, ಹೋಳುಗಳನ್ನು ದೂರ ಸರಿಸುತ್ತಾ ಬಂದು, ಕಣ್ಣಿಗೆ ಒಪ್ಪಿದಲ್ಲಿ ನಿಲ್ಲಿಸಿ ಅಳೆದರು. ನಡುವಿನ ಅಂತರ ನಾಲ್ಕು ಇಂಚು. ಹಾಗಾಗಿ ಮೈನರ್‌ನ ಬಾನೆಟ್ ಮೇಲೆ ನಡುವೆ ಒಂದು ಉಬ್ಬು ಪಟ್ಟಿ ಉಳಿದುಕೊಂಡಿತು. ಅಷ್ಟರಲ್ಲಿ ತಯಾರಾಗಿದ್ದ ಬಂಪರ್‌ಗಳನ್ನು ಎಸೆಯಲು ಮನಸ್ಸಾಗದೆ, ಅವನ್ನೂ ಕತ್ತರಿಸಿ ನಡುವೆ ನಾಲ್ಕು ಇಂಚಿನ ತೇಪೆ ಹಾಕಿದರು. ತೇಪೆ ಹಾಕಿಸಿಕೊಳ್ಳುವುದು ಈ ಕಾರಿನ ಹಣೆಯಲ್ಲಿ ಹುಟ್ಟುವಾಗಲೇ ಬರೆದಿತ್ತು ಅನ್ನಿಸುತ್ತದೆ.

ಮರ ಏಕೆ ಬಂತು?

ಟ್ರಾವೆಲರ್ ಬಂದದ್ದು 1953ರಲ್ಲಿ. ಮಾಮೂಲಿ ಮೈನರ್‌ನ ಮುಂಭಾಗವನ್ನು ಹಾಗೇ ಇಟ್ಟುಕೊಂಡು, ಹಿಂದೆ ಸಾಮಾನು ಹೇರಲು ಅನುಕೂಲವಾಗುವ ಪೆಟ್ಟಿಗೆಯಂಥ ಭಾಗ, ಬೀರುವಿನ ಹಾಗೆ ಎರಡು ಕಡೆಗೂ ತೆರೆಯುವ ಜೋಡಿ ಬಾಗಿಲು. ಇಂಥ ಕಾರನ್ನು ಬ್ರಿಟನ್ನಿನಲ್ಲಿ ಎಸ್ಟೇಟ್ ಎನ್ನುತ್ತಾರೆ. ನಮಗೆ ಸ್ಟೇಷನ್ ವ್ಯಾಗನ್ ಎಂದರೆ ಬೇಗ ತಿಳಿಯುತ್ತದೆ.

ಕುದುರೆಗಾಡಿಯ ಕಾಲದಿಂದಲೂ ಬಂಡಿ ಕಟ್ಟುವವರು ಮರದ ಚೌಕಟ್ಟು ಕಟ್ಟಿ ಅದಕ್ಕೆ ತಗಡು ಹೊದಿಸುತ್ತಿದ್ದರು. ಮೋಟಾರು ಬಂದಾಗ ಅದೇ ಕೈಗಳು ಅದೇ ಕೆಲಸ ಮುಂದುವರಿಸಿದವು. ಜಮೀನ್ದಾರರು ಬೇಟೆಗೆ ಹೋಗುವಾಗ ಕೋವಿ, ನಾಯಿ, ಜನ ಎಲ್ಲ ತುಂಬಿಕೊಂಡು ಹೋಗುತ್ತಿದ್ದ ಮರದ ಮೈಯ ವಾಹನಗಳಿಗೆ ಒಂದು ಗತ್ತೂ ಇತ್ತು.

ಅದಕ್ಕಿಂತ ದೊಡ್ಡ ಕಾರಣ ದುಡ್ಡು. ಉಕ್ಕಿನ ಹಾಳೆಯನ್ನು ಒತ್ತಿ ಕಾರಿನ ಮೈ ಮಾಡುವ ಅಚ್ಚುಗಳಿಗೆ ಅಪಾರ ಖರ್ಚು. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಅದು ಗಿಟ್ಟುತ್ತದೆ. ಎಸ್ಟೇಟ್ ಎಷ್ಟು ಮಾರೀತೋ ಯಾರಿಗೆ ಗೊತ್ತಿತ್ತು? ಯುದ್ಧ ಮುಗಿದ ಮೇಲೂ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಉಕ್ಕಿಗೆ ಬರ ಇತ್ತು. ಅಲ್ಯುಮಿನಿಯಂ ಮಾತ್ರ ಸಲೀಸಾಗಿ ಸಿಗುತ್ತಿತ್ತು. 1948ರ ಲ್ಯಾಂಡ್ ರೋವರ್‌ನ ಮೈ ಅದರದ್ದೇ ಆಗಿದ್ದೂ ಇದೇ ಕಾರಣಕ್ಕೆ. ಮರದ ಚೌಕಟ್ಟು, ಅಲ್ಯುಮಿನಿಯಂ ಹೊದಿಕೆ: ಎರಡಕ್ಕೂ ದೊಡ್ಡ ಅಚ್ಚು ಬೇಡ, ಬಡಗಿ ಸಾಕು.

ಆಕ್ಸ್‌ಫರ್ಡ್ ಪಕ್ಕದ ಕೌಲಿ ಮೈನರ್‌ನ ತವರು. ಟ್ರಾವೆಲರ್‌ನ ಮರದ ಕೆಲಸ ನಡೆದದ್ದು ಕವೆಂಟ್ರಿಯಲ್ಲಿ. 1960ರ ದಶಕದ ಆರಂಭದ ಕೆಲವು ವರ್ಷ ಎಂ.ಜಿ. ಸ್ಪೋರ್ಟ್ಸ್ ಕಾರುಗಳ ಆಬಿಂಗ್ಡನ್ ಕಾರ್ಖಾನೆಯಲ್ಲೂ ಇವನ್ನು ಜೋಡಿಸಿದರು. ಹೀಗೆ ಎರಡು ಲಕ್ಷಕ್ಕೂ ಹೆಚ್ಚು ಟ್ರಾವೆಲರ್‌ಗಳು ಹೊರಬಂದು, 1971ರಲ್ಲಿ ತಯಾರಿ ನಿಂತಿತು. ಅದೇ ದೇಶದ ಇನ್ನೊಂದು ಕಾರ್ಖಾನೆಯಲ್ಲಿ ಕಾಂಕಾರ್ಡ್ ವಿಮಾನ ಸಿದ್ಧವಾಗಿ ಹಾರಾಟ ನಡೆಸುತ್ತಿದ್ದ ಕಾಲದಲ್ಲಿ ಇಲ್ಲಿ ಕಾರಿಗೆ ಇನ್ನೂ ಕಚ್ಚು ಹೊಡೆಯುತ್ತಿದ್ದರು.

ಒಡವೆ ಮತ್ತು ಅಸ್ಥಿ

ಇದನ್ನು ಮಿನಿ ಟ್ರಾವೆಲರ್ ಜೊತೆ ಬೆರೆಸಿಕೊಳ್ಳಬಾರದು. 1960ರಲ್ಲಿ ಬಂದ ಆ ಕಾರಿನ ಪಕ್ಕದಲ್ಲೂ ಇಂಥದೇ ಮರದ ಪಟ್ಟಿಗಳಿವೆ. ಆದರೆ ಅಲ್ಲಿ ಒಳಗೆ ಪೂರ್ತಿ ಉಕ್ಕಿನ ಮೈ ಇದೆ. ಮರ ಅದರ ಮೇಲೆ ಅಂಟಿಸಿದ ಒಡವೆ. ಕಿತ್ತು ಹಾಕಿದರೂ ಕಾರು ಓಡುತ್ತದೆ. ಅಮೆರಿಕದವರಂತೂ ಇನ್ನೂ ಮುಂದೆ ಹೋಗಿ, ಉಕ್ಕಿನ ಕಾರಿಗೆ ಮರದ ಚಿತ್ರದ ಪ್ಲಾಸ್ಟಿಕ್ ಹಾಳೆಯನ್ನೇ ಹಚ್ಚಿ ಮಾರಿದರು.

ಮೈನರ್ ಟ್ರಾವೆಲರ್‌ನಲ್ಲಿ ಲೆಕ್ಕ ಬೇರೆ. ಮುಂದಿನ ಬಾಗಿಲಿನವರೆಗೆ ಉಕ್ಕಿನ ಮೈ. ಹಿಂದೆ ಉಕ್ಕಿನದ್ದು ನೆಲ ಮತ್ತು ಚಕ್ರದ ಕಮಾನುಗಳು ಮಾತ್ರ. ಅವುಗಳ ಮೇಲೆ ಮರದ ಚೌಕಟ್ಟು ಬೋಲ್ಟುಗಳಲ್ಲಿ ಕೂರುತ್ತದೆ. ಆ ಚೌಕಟ್ಟಿನ ಮೇಲಿನ ತೊಲೆಗಳು ಅಲ್ಯುಮಿನಿಯಂ ಚಾವಣಿಯನ್ನು ಹೊರುತ್ತವೆ, ನಡುವಿನ ಪಟ್ಟಿಗಳು ಕಿಟಕಿಯ ಗಾಜನ್ನು ಹಿಡಿಯುತ್ತವೆ, ಹಿಂದಿನ ಕಂಬಗಳಿಗೆ ಬಾಗಿಲುಗಳು ತೂಗುತ್ತವೆ. ನಮ್ಮ ಹೆಂಚಿನ ಮನೆಯ ಕಂಬ, ತೊಲೆ, ಜಂತೆಗಳ ಲೆಕ್ಕವೇ ಇದು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯೂ ಈ ಮರವನ್ನು ಭಾರ ಹೊರುವ ಭಾಗ ಎಂದೇ ಪರಿಗಣಿಸುತ್ತದೆ. ಉಕ್ಕಿನ ಚಾಸಿಗೆ ತುಕ್ಕು ಹಿಡಿದರೆ ಹೇಗೆ ಕಾರು ನಪಾಸಾಗುತ್ತದೋ, ಮರ ಲಡ್ಡಾದರೂ ಹಾಗೆಯೇ ನಪಾಸು.

ಆದ್ದರಿಂದ ಈ ಕಾರನ್ನು ಸರಿಪಡಿಸುವುದು ಬಣ್ಣ ಬಳಿದು ಹೊಳಪು ಕೊಡುವ ಕೆಲಸದಲ್ಲಿ ಮುಗಿಯುವುದಿಲ್ಲ. ಹಳೆಯ ದೇವಸ್ಥಾನಕ್ಕೆ ನಾವು ಬಳಸುವ ಜೀರ್ಣೋದ್ಧಾರ ಎಂಬ ಮಾತೇ ಇದಕ್ಕೆ ಸರಿ.

ಆಶ್ ಮರದ ಗುಣ, ಅವಗುಣ

ಚೌಕಟ್ಟಿಗೆ ಬಳಸಿದ್ದು ಆಶ್ ಎಂಬ ಯುರೋಪಿನ ಮರ. ನಮ್ಮಲ್ಲಿ ಬೆಳೆಯದ ಈ ಮರವನ್ನು ಕ್ರಿಕೆಟ್ ನೋಡುವವರೆಲ್ಲ ಕಂಡೇ ಇರುತ್ತಾರೆ: ಬ್ಯಾಟು ವಿಲೋ ಮರದ್ದಾದರೆ ಸ್ಟಂಪು ಸಾಂಪ್ರದಾಯಿಕವಾಗಿ ಆಶ್ ಮರದ್ದು. ಸುತ್ತಿಗೆ, ಕೊಡಲಿಗಳ ಹಿಡಿಗೂ ಅದೇ. ಪೆಟ್ಟು ಬಿದ್ದರೆ ಸಿಡಿಯುವುದಿಲ್ಲ, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇಂಗ್ಲಿಷ್ ಗಾಡಿಗಳ ಚಕ್ರದಲ್ಲಿ ಗುಂಬಕ್ಕೆ ಎಲ್ಮ್, ಅರೆಗಳಿಗೆ ಓಕ್, ನೆಲಕ್ಕೆ ಬಡಿಯುವ ಹೊರವೃತ್ತಕ್ಕೆ ಆಶ್ ಎಂದು ಪದ್ಧತಿ ಇತ್ತು. ನಮ್ಮ ಎತ್ತಿನಗಾಡಿಗೆ ಜಾಲಿ ಮರ ಒದಗಿದ ಹಾಗೆ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿರುವ ಮಾರ್ಗನ್ ಕಂಪನಿ ಇಂದಿಗೂ ತನ್ನ ಸ್ಪೋರ್ಟ್ಸ್ ಕಾರುಗಳ ಮೈಯೊಳಗೆ ಆಶ್ ಚೌಕಟ್ಟು ಇಡುತ್ತದೆ.

ಕಾರಿನ ಮೈ ಓಡುವಾಗ ಸದಾ ತಿರುಚಿಕೊಳ್ಳುತ್ತಿರುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಚಾವಣಿಯ ಎದುರು ಮೂಲೆಯವರೆಗೂ ಆ ಎಳೆತ ಹೋಗುತ್ತದೆ. ಇದನ್ನು ತಾಳಿಕೊಳ್ಳಲು ಆಶ್‌ಗಿಂತ ಒಳ್ಳೆಯ ಮರ ಅಲ್ಲಿ ಇರಲಿಲ್ಲ.

ಅವಗುಣ ಒಂದೇ, ಆದರೆ ದೊಡ್ಡದು. ನೀರಿಗೆ ಆಶ್ ಸೋಲುತ್ತದೆ. ತೇಗದ ಚೇಗಿನಲ್ಲಿ ಶಿಲೀಂಧ್ರವನ್ನೂ ಹುಳುವನ್ನೂ ದೂರ ಇಡುವ ರಾಸಾಯನಿಕಗಳಿವೆ. ಆಶ್‌ನಲ್ಲಿ ಅಂಥದ್ದು ಇಲ್ಲವೆಂದೇ ಹೇಳಬೇಕು. ಹೊರಗೆ ಬಿಟ್ಟರೆ ಬೇಗ ಕೊಳೆಯುವ ಮರಗಳ ಪಟ್ಟಿಯಲ್ಲಿ ಅದಕ್ಕೆ ಕೊನೆಯ ದರ್ಜೆ. ವರ್ಷವಿಡೀ ಮಳೆ ಬೀಳುವ ದೇಶದಲ್ಲಿ ಬೀದಿಯಲ್ಲಿ ನಿಲ್ಲುವ ಕಾರಿಗೆ ಇಂಥ ಮರ! ನಮ್ಮ ಮಲೆನಾಡಿನಲ್ಲಿ ಈ ಕಾರು ಹುಟ್ಟಿದ್ದರೆ ಬಡಗಿ ತೇಗವನ್ನೋ ಹಲಸನ್ನೋ ಹಾಕುತ್ತಿದ್ದ, ಕಾರು ಒಂದಿಷ್ಟು ಭಾರವಾಗಿ ನೂರು ವರ್ಷ ಬಾಳುತ್ತಿತ್ತು ಎಂದು ನನ್ನ ಊಹೆ.

ನೀರು ಕೂರುವ ಜಾಗ

ಮರ ಒದ್ದೆಯಾದ ಮಾತ್ರಕ್ಕೆ ಕೊಳೆಯುವುದಿಲ್ಲ. ಒದ್ದೆಯಾಗಿಯೇ ಉಳಿದರೆ ಕೊಳೆಯುತ್ತದೆ. ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಹಾಗಾಗಿ ಈ ಕಾರಿನ ರೋಗ ಪತ್ತೆಗೆ ಇರುವುದು ಒಂದೇ ಪ್ರಶ್ನೆ: ನೀರು ಎಲ್ಲಿ ಕೂರುತ್ತದೆ?

ಮೊದಲ ಉತ್ತರ, ಪಕ್ಕದ ಕಿಟಕಿ. ಹಿಂದಿನ ಗಾಜುಗಳು ಮೇಲೆ ಕೆಳಗೆ ಇಳಿಯುವುದಿಲ್ಲ, ರೈಲ್ವೆ ಟಿಕೆಟ್ ಕೌಂಟರಿನ ಹಾಗೆ ಪಕ್ಕಕ್ಕೆ ಜಾರುತ್ತವೆ. ಜಾರಲು ಮರದಲ್ಲಿ ಕಾಲುವೆ ಬೇಕು. ಕಾಲುವೆ ಇದ್ದಲ್ಲಿ ನೀರು ನಿಲ್ಲುತ್ತದೆ, ನೀರಿನ ಜೊತೆ ಧೂಳು, ಧೂಳಿನಲ್ಲಿ ಹಾವಸೆ. ನಿರ್ಲಕ್ಷ್ಯಕ್ಕೆ ಒಳಗಾದ ಟ್ರಾವೆಲರ್‌ಗಳ ಕಿಟಕಿಯಲ್ಲಿ ಹಸಿರು ಪಾಚಿ ಬೆಳೆದಿರುವುದು ಎಷ್ಟು ಸಾಮಾನ್ಯವೆಂದರೆ ಅದು ಆ ಕಾರಿನವರ ನಡುವೆ ನಿತ್ಯದ ನಗೆಹನಿ. ಒಮ್ಮೊಮ್ಮೆ ಅಣಬೆಯೂ ಏಳುತ್ತದಂತೆ.

ಆ ನೀರು ಕೆಳಗಿಳಿದು ಕೂಡುಗಳಲ್ಲಿ ಸೇರುತ್ತದೆ. ಇಲ್ಲಿ ಮರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಮರ ಎಂದರೆ ಒತ್ತಾಗಿ ಕಟ್ಟಿದ ಕೊಳವೆಗಳ ಕಂತೆ. ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸಿದ ಕೊಳವೆಗಳು. ಪಟ್ಟಿಯ ಮೈಮೇಲೆ ನೀರು ಬಿದ್ದರೆ ಬಹುಪಾಲು ಜಾರಿಹೋಗುತ್ತದೆ. ಕಡಿದ ತುದಿಗೆ ತಾಗಿದರೆ, ಕೊಳವೆಯ ಬಾಯಿಗೇ ತಾಗಿದಂತೆ, ಗಟಗಟನೆ ಕುಡಿಯುತ್ತದೆ. ಚೌಕಟ್ಟಿನಲ್ಲಿ ಒಂದು ಪಟ್ಟಿಯ ತುದಿ ಇನ್ನೊಂದರ ಹೊಟ್ಟೆಗೆ ಹೊಕ್ಕುವ ಪ್ರತಿ ಕೂಡಿನಲ್ಲೂ ಇಂಥ ಬಾಯಿ ಇದೆ. ಹಾಗಾಗಿ ಕೊಳೆತ ಹೊರಮೈಯಿಂದ ಶುರುವಾಗದೆ ಕೂಡಿನ ಒಳಗಿಂದ ಹೊರಗೆ ಬರುತ್ತದೆ. ಹೊರಗೆ ವಾರ್ನಿಷ್ ಫಳಫಳ ಎನ್ನುತ್ತಿರುವಾಗಲೇ ಒಳಗೆ ಮರ ಹಿಟ್ಟಾಗಿರಬಹುದು.

ಆದ್ದರಿಂದಲೇ ಹಳೆಯ ಟ್ರಾವೆಲರ್ ಕೊಳ್ಳಲು ಹೋಗುವ ಅನುಭವಿಗಳು ಕಿಸೆಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡಿರುತ್ತಾರೆ. ಹಿಂದಿನ ಕಂಬದ ಬುಡ, ಚಕ್ರದ ಕಮಾನಿನ ಮೇಲಿನ ಪಟ್ಟಿ, ಬಾಗಿಲಿನ ಕೆಳತುದಿ ಇಲ್ಲೆಲ್ಲ ಮೆಲ್ಲಗೆ ಒತ್ತಿ ನೋಡುತ್ತಾರೆ. ಕಪ್ಪು ಕಲೆ ಕಂಡರೆ ಎಚ್ಚರ. ಮೊನೆ ಒಳಗಿಳಿದರೆ ಬೆಲೆ ಇಳಿಯಿತು. ಮಾರುವವರಿಗೆ ಇದು ಇಷ್ಟವಾಗದು ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಕಬ್ಬಿಣ

ಮರದ ಮೋಹದಲ್ಲಿ ಕೆಲಸಕ್ಕೆ ಇಳಿದವರು ಮಾಡುವ ದೊಡ್ಡ ತಪ್ಪು ಎಂದರೆ ಮರದಿಂದಲೇ ಶುರು ಮಾಡುವುದು. ಅಡಿಪಾಯ ಕುಸಿದ ಮನೆಗೆ ಹೊಸ ಬಾಗಿಲು ಇಟ್ಟ ಹಾಗೆ ಅದು. ಮರ ಕೂರುವುದು ಉಕ್ಕಿನ ಮೇಲೆ. ಬಾಗಿಲ ಕೆಳಗಿನ ಹೊಸ್ತಿಲು ಭಾಗ, ನೆಲದಡಿಯ ಅಡ್ಡ ತೊಲೆ, ಹಿಂದಿನ ಪಟ್ಟಾ ಸ್ಪ್ರಿಂಗುಗಳು ತೂಗುವ ಕೊಂಡಿಯ ಸುತ್ತಮುತ್ತ, ಚಕ್ರದ ಕಮಾನಿನ ಅಂಚು ಇವು ತುಕ್ಕಿನ ಮಾಮೂಲು ಠಾಣ್ಯಗಳು. ಇವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಮರ ಮತ್ತು ವಾರ್ನಿಷ್ ಪಕ್ಕದಲ್ಲಿರುವಾಗ ವೆಲ್ಡಿಂಗ್ ಕಿಡಿ ಹಾರಿಸುವುದು ಎಂಥ ಜಾಣತನ ಎಂಬುದನ್ನು ವಿವರಿಸಬೇಕಿಲ್ಲ.

ಹೊಸ್ತಿಲು ಕತ್ತರಿಸುವ ಮುನ್ನ ಬಾಗಿಲಿನ ಜಾಗಕ್ಕೆ ಅಡ್ಡವಾಗಿ ಕಬ್ಬಿಣದ ಸರಳು ಬಿಗಿಯುತ್ತಾರೆ. ಚಾಸಿ ಬೇರೆ, ಮೈ ಬೇರೆ ಎಂದು ಈ ಕಾರಿನಲ್ಲಿಲ್ಲ, ಮೈಯೇ ಚಾಸಿ. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆ ಒಂದೆರಡು ಮಿಲಿಮೀಟರ್ ಬಾಗುತ್ತದೆ. ಆಮೇಲೆ ಬಾಗಿಲು ಮುಚ್ಚುವುದಿಲ್ಲ, ಹೊಸ ಮರದ ಚೌಕಟ್ಟು ತಂದರೆ ಅದೂ ಕೂರುವುದಿಲ್ಲ.

ಯಂತ್ರದ ಕೆಲಸ ಇದಕ್ಕೆ ಹೋಲಿಸಿದರೆ ಹಬ್ಬ. ಮೊದಲ ಟ್ರಾವೆಲರ್‌ಗಳಲ್ಲಿ 803 ಸಿಸಿ ಎಂಜಿನ್, 1956ರಿಂದ 948, 1962ರಿಂದ 1098. ಮೂರೂ ಎ ಸರಣಿ ಎಂಬ ಒಂದೇ ಮನೆತನದವು. ಮಿನಿ ಕಾರಿನಲ್ಲಿ ಈ ಮನೆತನ 2000ದವರೆಗೂ ಬದುಕಿತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈ ಆಡಿಸಲು ಧಾರಾಳ ಜಾಗ. ಇಂಚಿನ ಅಳತೆಯ ಒಂದು ಸೆಟ್ ಸ್ಪ್ಯಾನರ್ ಇದ್ದರೆ ಶನಿವಾರ ಬಿಚ್ಚಿ ಭಾನುವಾರ ಕಟ್ಟಬಹುದು. ಒಂದೇ ಒಂದು ಕಿರಿಕಿರಿ ಬ್ರೇಕಿನ ಮುಖ್ಯ ಸಿಲಿಂಡರು: ಚಾಲಕನ ಕಾಲಡಿ, ನೆಲದ ತೊಲೆಯೊಳಗೆ ಹುದುಗಿ ಕುಳಿತಿದೆ. ಅದನ್ನು ಹೊರತೆಗೆಯುವಾಗ ಇಸಿಗೋನಿಸ್‌ಗೆ ಬಯ್ಯದವರು ಕಡಿಮೆ.

ಇನ್ನೊಂದು ಎಚ್ಚರಿಕೆ, ಅದು ಜೀವದ ಪ್ರಶ್ನೆ. ಮುಂಚಕ್ರದ ಕಂಬ ಕೆಳಗೆ ಒಂದು ಮರೆಯೊಳಗೆ ತಿರುಪಿನಂತೆ ಕೂರುತ್ತದೆ. ಅಲ್ಲಿಗೆ ಗ್ರೀಸ್ ತಪ್ಪದೆ ಹೋಗುತ್ತಿರಬೇಕು. ಹೋಗದಿದ್ದರೆ ಮರೆ ಸವೆದು, ಒಂದು ದಿನ ತಿರುವಿನಲ್ಲಿ ಚಕ್ರ ಮಡಚಿಕೊಂಡು ಕಾರು ಮುಗ್ಗರಿಸುತ್ತದೆ. ಸಾಧು ಮುಖದ ಈ ಕಾರಿನ ಕುಖ್ಯಾತ ದೋಷ ಅದು.

ಚೌಕಟ್ಟು ಕಟ್ಟುವ ಕ್ರಮ

ಹೊಸ ಮರದ ಭಾಗಗಳು ಬ್ರಿಟನ್ನಿನಲ್ಲಿ ತಯಾರಾಗಿಯೇ ಸಿಗುತ್ತವೆ. ಒಂದು ಕಂಬ, ಒಂದು ಪಟ್ಟಿ ಎಂದು ಬಿಡಿಯಾಗಿಯೂ, ಜೋಡಿಸಿದ ಇಡೀ ಪಾರ್ಶ್ವವಾಗಿಯೂ ಕೊಳ್ಳಬಹುದು. ಪೂರ್ತಿ ಸೆಟ್ಟಿಗೆ ಸಾವಿರಾರು ಪೌಂಡ್. ಕೆಲವರು ಹಠ ಹಿಡಿದು ಒಣಗಿದ ಆಶ್ ಹಲಗೆ ತಂದು ತಾವೇ ಕೊಯ್ದುಕೊಳ್ಳುತ್ತಾರೆ. ಅವರಿಗೆ ಹಳೆಯ ಕೊಳೆತ ತುಂಡುಗಳೇ ನಕ್ಷೆ. ಆದ್ದರಿಂದ ಈ ಗ್ಯಾರೇಜುಗಳಲ್ಲಿ ಒಂದು ನಿಯಮ ಇದೆ: ಕಾರು ರಸ್ತೆಗೆ ಇಳಿಯುವವರೆಗೆ ಏನನ್ನೂ ಒಲೆಗೆ ಹಾಕಬೇಡ. ಹಿಟ್ಟಾಗಿ ಉದುರುವ ಪಟ್ಟಿಯಲ್ಲೂ ಬೋಲ್ಟಿನ ರಂಧ್ರ ಎಲ್ಲಿತ್ತು, ಬಾಗು ಎಷ್ಟಿತ್ತು ಎಂಬ ಸಾಕ್ಷಿ ಉಳಿದಿರುತ್ತದೆ.

ಬಿಚ್ಚುವಾಗ ಮೊದಲು ಹಿಂದಿನ ಬಾಗಿಲು, ಆಮೇಲೆ ಗಾಜು, ಆಮೇಲೆ ಅಲ್ಯುಮಿನಿಯಂ ಹೊದಿಕೆ. ಹೊದಿಕೆ ತೆಳು, ಬೆರಳಿನ ಒತ್ತಡಕ್ಕೂ ತಗ್ಗು ಬೀಳುತ್ತದೆ. ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಚಾವಣಿಗೆ ಕಂಬ ಕೊಟ್ಟ ಮೇಲೆ ಚೌಕಟ್ಟಿನ ಬೋಲ್ಟುಗಳಿಗೆ ಕೈ. ಐವತ್ತು ಅರವತ್ತು ವರ್ಷ ಒದ್ದೆ ಮರದೊಳಗೆ ಕುಳಿತ ಬೋಲ್ಟು ಸುಮ್ಮನೆ ಬರುವುದಿಲ್ಲ, ಅರ್ಧಕ್ಕೆ ಮುರಿಯುತ್ತದೆ.

ಒಬ್ಬರೇ ಕೆಲಸ ಮಾಡುವವರಿಗೆ ಒಂದೊಂದೇ ಪಾರ್ಶ್ವ ಬದಲಿಸುವುದು ಕ್ಷೇಮ. ಬಿಚ್ಚದೆ ಉಳಿದ ಪಾರ್ಶ್ವವೇ ಆಗ ಅಳತೆಗೋಲು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಾವಣಿ ಎಷ್ಟು ಎತ್ತರದಲ್ಲಿತ್ತು ಎಂದು ಕೇಳಲು ಯಾರೂ ಇರುವುದಿಲ್ಲ.

ಅಂಟಿಗೆ ಮೊದಲು ಒಣ ಜೋಡಣೆ. ಎಲ್ಲ ತುಂಡುಗಳನ್ನೂ ಅಂಟಿಲ್ಲದೆ ಕೂಡಿಸಿ, ಹಿಡಿಕೆಗಳಿಂದ ಬಿಗಿದು, ಬಾಗಿಲು ತೂಗಿಹಾಕಿ, ಮುಚ್ಚಿ ತೆರೆದು ನೋಡುತ್ತಾರೆ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದು ಎರಡು ಕರ್ಣ ಸಮವೋ ಎಂದು ಅಳೆಯುತ್ತಾರೆ. ಮನೆಯ ಪಾಯಕ್ಕೆ ದಾರ ಹಿಡಿಯುವ ನಮ್ಮ ಮೇಸ್ತ್ರಿಗಳ ಉಪಾಯವೇ. ಕಾರ್ಖಾನೆಯಿಂದ ಹೊರಟಾಗಲೂ ಇಂಥ ಎರಡು ಕಾರು ತೀರಾ ಒಂದೇ ಅಳತೆ ಇರಲಿಲ್ಲ. ಹಾಗಾಗಿ ಕೊಂಡು ತಂದ ಚೌಕಟ್ಟನ್ನೂ ಅಲ್ಲಲ್ಲಿ ಹತ್ತರಿ ಹಿಡಿದು ತಿದ್ದಲೇಬೇಕು. ಕೂತಿತು ಎನ್ನುವಷ್ಟು ಕೂತ ಮೇಲೆ ಮತ್ತೆ ಬಿಚ್ಚಿ, ನೀರಿಗೆ ಜಗ್ಗದ ಅಂಟು ಸವರಿ, ತುಕ್ಕು ಹಿಡಿಯದ ಸ್ಕ್ರೂ ಬಿಗಿಯುತ್ತಾರೆ. ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ತೇವದಲ್ಲಿ ಅದರ ಸುತ್ತ ಮರ ಕಪ್ಪಾಗುತ್ತದೆ. ಅಲ್ಯುಮಿನಿಯಂ ಮತ್ತು ಉಕ್ಕು ನೇರ ತಾಗುವಲ್ಲಿ ನಡುವೆ ಏನಾದರೂ ಪದರ ಇಡಬೇಕು. ಒದ್ದೆಯಾದಾಗ ಎರಡು ಲೋಹಗಳು ಸೇರಿ ಸಣ್ಣ ಬ್ಯಾಟರಿಯಾಗಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ.

ಎಣ್ಣೆಯೋ, ವಾರ್ನಿಷೋ?

ಟ್ರಾವೆಲರ್ ಇಟ್ಟುಕೊಂಡವರು ಇಬ್ಬರು ಸೇರಿದರೆ ಈ ಜಗಳ ಖಂಡಿತ. ಕಾರ್ಖಾನೆ ಬಳಿದದ್ದು ಪಾರದರ್ಶಕ ವಾರ್ನಿಷ್. ಹೊಸದರಲ್ಲಿ ಗಾಜಿನಂತೆ ಹೊಳೆಯುತ್ತದೆ. ತೊಂದರೆ ಏನೆಂದರೆ ಮರ ಸತ್ತಮೇಲೂ ಸುಮ್ಮನಿರುವ ವಸ್ತು ಅಲ್ಲ. ಮಳೆಗಾಲದಲ್ಲಿ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚು ಬದಲಾಗದು. ನಮ್ಮ ಬಾಗಿಲುಗಳು ಆಷಾಢದಲ್ಲಿ ಬಿಗಿಯಾಗಿ ಮಾಘದಲ್ಲಿ ಸಡಿಲವಾಗುವುದು ಇದರಿಂದಲೇ. ಹಿಗ್ಗಿ ಕುಗ್ಗುವ ಮರದ ಮೇಲಿನ ಗಡಸು ಪೊರೆ ಕೂಡಿನ ಬಳಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರಲು ಅದೇ ಪೊರೆ ಅಡ್ಡ.

ಅದಕ್ಕೇ ಈಗ ಅನೇಕರು ಮರಕ್ಕೆ ಉಸಿರಾಡಲು ಬಿಡುವ ತೆಳು ಬಣ್ಣದೆಣ್ಣೆಗಳನ್ನು ಬಳಸುತ್ತಾರೆ. ಹೊಳಪು ಕಡಿಮೆ, ಆದರೆ ಪ್ರತಿ ವರ್ಷ ಒಂದು ಕೈ ಸವರಿದರೆ ಸಾಕು, ಉಜ್ಜಿ ತೆಗೆಯುವ ಕೆಲಸವಿಲ್ಲ. ಪ್ರದರ್ಶನಕ್ಕೆ ಹೋಗುವ ಕಾರಿಗೆ ವಾರ್ನಿಷ್ ಒಪ್ಪುತ್ತದೆ, ಮಳೆಯಲ್ಲಿ ಓಡುವ ಕಾರಿಗೆ ಎಣ್ಣೆ. ಯಾವುದೇ ಬಳಿಯಲಿ, ಜೋಡಿಸುವ ಮುನ್ನ ಪ್ರತಿ ತುಂಡಿನ ಕಡಿದ ತುದಿಗೆ ಕುಡಿಯುವಷ್ಟು ಕುಡಿಸಬೇಕು. ಜೋಡಿಸಿದ ಮೇಲೆ ಆ ಬಾಯಿ ಬ್ರಷ್ಷಿಗೆ ಸಿಗುವುದಿಲ್ಲ. ನೀರಿಗೆ ಮಾತ್ರ ಸಿಗುತ್ತದೆ.

ಬಾತ್‌ನಿಂದ ಶ್ರೀಲಂಕಾಕ್ಕೆ, ಉತ್ತರಪಾಡಾಕ್ಕೆ

ಹಳೆಯ ಕಾರು ಉಳಿಯಲು ಪ್ರೀತಿಯೊಂದೇ ಸಾಲದು, ಬಿಡಿಭಾಗ ಸಿಗಬೇಕು. ಮೈನರ್‌ಗೆ ಆ ಭಾಗ್ಯ ಬರಲು ಒಂದು ಕಾರಣ ಚಾರ್ಲ್ಸ್ ವೇರ್. 1970ರ ದಶಕದಲ್ಲಿ ಬಾತ್ ನಗರದಲ್ಲಿ ಮೋರಿಸ್ ಮೈನರ್ ಕೇಂದ್ರ ತೆರೆದ ಅವರು ಒಂದು ಸರಳ ಲೆಕ್ಕ ಮುಂದಿಟ್ಟರು. ಹೊಸ ಕಾರು ಕೊಂಡ ದಿನದಿಂದ ಬೆಲೆ ಕಳೆದುಕೊಳ್ಳುತ್ತದೆ. ಅಷ್ಟೇ ದುಡ್ಡನ್ನು ವರ್ಷವರ್ಷ ಮೈನರ್‌ನ ರಿಪೇರಿಗೆ ಹಾಕಿದರೆ ಕಾರೂ ಉಳಿಯುತ್ತದೆ, ಬೆಲೆಯೂ ಉಳಿಯುತ್ತದೆ. ಈ ವಾದವನ್ನು ಅವರು ಪುಸ್ತಕವಾಗಿಯೂ ಬರೆದರು. ಮೈನರ್‌ಗಳು ಇನ್ನೂ ಧಾರಾಳವಾಗಿ ಓಡುತ್ತಿದ್ದ ಶ್ರೀಲಂಕಾದಲ್ಲಿ ಬಿಡಿಭಾಗ ತಯಾರಿಸಿ ಬ್ರಿಟನ್ನಿಗೆ ತರಿಸುವ ಏರ್ಪಾಡೂ ಅವರ ಕಾಲದಲ್ಲಿ ಆಯಿತು. ಆಕ್ಸ್‌ಫರ್ಡ್ ಮರೆತ ಕಾರಿಗೆ ಸಿಂಹಳದ ಕಮ್ಮಾರ ತಗಡು ಬಡಿದುಕೊಟ್ಟ.

ನಮಗೂ ಈ ಕುಟುಂಬದ ನಂಟಿದೆ. 1950ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ ಇದೇ ಮೈನರ್ ಅನ್ನು ‘ಬೇಬಿ ಹಿಂದೂಸ್ತಾನ್’ ಹೆಸರಿನಲ್ಲಿ ಮಾರಿತು. ಮೈನರ್‌ನ ಅಣ್ಣನಾದ ಮೋರಿಸ್ ಆಕ್ಸ್‌ಫರ್ಡ್ 1957ರಲ್ಲಿ ಅಂಬಾಸಿಡರ್ ಆಗಿ ಬಂದು 2014ರವರೆಗೆ ನಮ್ಮ ಮದುವೆ ದಿಬ್ಬಣ, ವಿಧಾನಸೌಧದ ಮೆಟ್ಟಿಲು ಎರಡನ್ನೂ ಕಂಡಿತು. ಅಂಬಾಸಿಡರಿನ ದುಂಡು ಬಾನೆಟ್ ನೆನೆದುಕೊಳ್ಳಿ, ಮೈನರ್‌ನ ಮುಖ ಅಪರಿಚಿತ ಅನ್ನಿಸದು.

ಮರಕ್ಕೆ ಸೊನ್ನೆ ಅಂಕ

ಚಾವಣಿಯ ಕೆಳಗೆ ಎಲ್ಲ ಹೊಸ ಮರ, ಹೊಸ್ತಿಲು ಹೊಸದು, ಬಣ್ಣ ಹೊಸದು. ಹಾಗಾದರೆ ಕಾರು ಹಳೆಯದೇ? ಬ್ರಿಟನ್ನಿನ ನೋಂದಣಿ ಇಲಾಖೆ ಇದಕ್ಕೆ ತತ್ವಶಾಸ್ತ್ರ ಬಿಟ್ಟು ಬಹುಕಾಲ ಅಂಕಪಟ್ಟಿ ಇಟ್ಟುಕೊಂಡಿತ್ತು. ತೀರಾ ಮಾರ್ಪಾಟಾದ ಕಾರು ತನ್ನ ಮೂಲ ನಂಬರು ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಚಾಸಿ ಅಥವಾ ಉಕ್ಕಿನ ಮೈಗೆ 5, ಸಸ್ಪೆನ್ಷನ್, ಆಕ್ಸಲ್, ಗೇರುವ್ಯವಸ್ಥೆ, ಸ್ಟೀರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಮರ ಅಂಕಪಟ್ಟಿಯಲ್ಲಿ ಇರಲೇ ಇಲ್ಲ. ಕಾರಿನ ಗುರುತೇ ಆಗಿರುವ ಭಾಗವನ್ನು ಎಷ್ಟು ಸಲ ಬದಲಿಸಿದರೂ ಕಾನೂನಿನ ಕಣ್ಣಿಗೆ ಬೀಳುತ್ತಿರಲಿಲ್ಲ.

2018ರ ಮೇ ತಿಂಗಳಿನಿಂದ 40 ವರ್ಷ ದಾಟಿದ, ಹೆಚ್ಚು ಬದಲಾವಣೆ ಕಾಣದ ಕಾರುಗಳಿಗೆ ಅಲ್ಲಿ ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ ಸಿಕ್ಕಿದೆ. ಇದು ಉಪಕಾರವೇ ಎಂದು ನನಗೆ ಅನುಮಾನ. ಕೂಡಿನ ಒಳಗಿನಿಂದ ಕೊಳೆಯುವ ಕಾರಿಗೆ ವರ್ಷಕ್ಕೊಮ್ಮೆ ಪರಕೀಯ ಕಣ್ಣೊಂದು ಬೀಳುವುದು ಒಳ್ಳೆಯದೇ ಇತ್ತು. ಈಗಲೂ ಅನೇಕರು ತಾವಾಗಿ ತಪಾಸಣೆಗೆ ಒಯ್ಯುತ್ತಾರೆ. ಭಾರತದಲ್ಲಿ 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ನೋಂದಣಿ ಇದೆ. ಅವು ಪ್ರದರ್ಶನ, ರ‍್ಯಾಲಿಗಳಿಗೆ ಹೋಗಬಹುದು, ದಿನನಿತ್ಯದ ಓಡಾಟಕ್ಕಿಲ್ಲ.

ಮರದ ಪೂರೈಕೆಯ ಚಿಂತೆ ಬೇರೆ ದಿಕ್ಕಿನಿಂದ ಬಂದಿದೆ. ಯುರೋಪಿನ ಆಶ್ ಮರಗಳಿಗೆ ಒಂದು ಶಿಲೀಂಧ್ರ ರೋಗ ತಗುಲಿದೆ. 1992ರಲ್ಲಿ ಪೋಲೆಂಡಿನಲ್ಲಿ ಕಾಣಿಸಿಕೊಂಡು, 2012ರಲ್ಲಿ ಬ್ರಿಟನ್ನಿನಲ್ಲೂ ಪತ್ತೆಯಾಯಿತು. ಎಲೆ ಬಾಡಿ, ಕೊಂಬೆ ಒಣಗಿ ಮರ ನಿಧಾನವಾಗಿ ಸಾಯುತ್ತದೆ. ರಸ್ತೆ ಬದಿಯ ರೋಗಿ ಮರಗಳನ್ನು ಅಪಾಯವೆಂದು ಕಡಿಯುತ್ತಿದ್ದಾರೆ. ಮುಂದಿನ ತಲೆಮಾರಿನ ಟ್ರಾವೆಲರ್‌ಗಳಿಗೆ ಯಾವ ಮರ ಎಂಬುದು ಆ ಗ್ಯಾರೇಜುಗಳಲ್ಲಿ ಹೊಸ ಮಾತು.

ಸದ್ಯಕ್ಕೆ ಹಸಿರು ಕಾರಿನ ಚೌಕಟ್ಟು ನಿಂತಿದೆ, ಊರುಗೋಲುಗಳನ್ನು ತೆಗೆದಾಗಿದೆ. ಹೊಸ ಕೂಡುಗಳು ಮೊದಲ ಕೆಲವು ದಿನ ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಇನ್ನು ಉಳಿದಿರುವುದು ಪ್ರತಿ ಶರತ್ಕಾಲದ ಒಂದು ಬೆಳಗಿನ ಕೆಲಸ: ಕಿಟಕಿಯ ಕಾಲುವೆಯಲ್ಲಿ ಕೂತ ಎಲೆ, ಧೂಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ, ನೀರು ಬಸಿಯುವ ರಂಧ್ರಗಳಲ್ಲಿ ಸಣ್ಣ ತಂತಿ ಆಡಿಸುವುದು, ಆಮೇಲೆ ಒಂದು ಲೋಟ ನೀರು ಸುರಿದು, ಅದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆಯೇ ಎಂದು ಬಗ್ಗಿ ನೋಡುವುದು.